ಅದಿರು ಟಿಪ್ಪರ್‌ಗಳಿಗೆ ನಿದ್ದೆ ಅಲಾರಂ, ಡಿಕ್ಕಿ ಎಚ್ಚರಿಕೆ: ಮಾಲೀಕರು, ಕಾರ್ಖಾನೆ, ಆರ್‌ಟಿಒ ಒಟ್ಟಿಗೆ ಕೂತು ತರೋದು ಹೇಗೆ?

ಸಂಡೂರು_ಲಾರಿಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ಸಂಡೂರಿನವಳು. ಅಪ್ಪನ ಟಿಪ್ಪರ್‌ಗಳ ಲೆಕ್ಕ, ಎಫ್‌ಸಿ (ಗಾಡಿ ಯೋಗ್ಯತಾ ಪತ್ರ), ಇನ್ಶೂರೆನ್ಸ್, ಡ್ರೈವರ್‌ಗಳ ಬಾಟಾ (ಭತ್ಯೆ) ಎಲ್ಲಾ ಈಗ ನಾನೇ ನೋಡ್ಕೊಳ್ಳೋದು. ನಮ್ಮ ಗಾಡಿಗಳು ಗಣಿಯಿಂದ ಅದಿರು ತುಂಬಿಕೊಂಡು ಹೆಚ್ಚಾಗಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಆಗಾಗ ಕೊಪ್ಪಳದ ಗಿಣಿಗೇರಿ ಕಡೆಗೂ ಓಡ್ತವೆ.

ಡ್ರೈವರ್ ತೂಕಡಿಸಿದರೆ ಎಬ್ಬಿಸೋ ಕ್ಯಾಮೆರಾ, ಮುಂದಿನ ಗಾಡಿಗೆ ಗುದ್ದೋ ಹಾಗಿದ್ದರೆ ಮೊದಲೇ ಕೂಗೋ ಸಾಧನ, ಎರಡನ್ನೂ ನಮ್ಮ ಗಾಡಿಗಳಿಗೆ ಹಾಕಿಸಬೇಕು ಅಂತ ಮನಸ್ಸು ಮಾಡಿದ್ದೀನಿ. ಆದರೆ ವಿಚಾರಿಸ್ತಾ ಹೋದಷ್ಟೂ ಇದು ಒಬ್ಬ ಮಾಲೀಕರ ಕೈಯಲ್ಲಿ ಆಗೋ ಕೆಲಸ ಅಲ್ಲ ಅನ್ನಿಸ್ತಿದೆ. ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಕಳೆದ ಸುಗ್ಗಿಯಲ್ಲಿ ಮುನಿರಾಬಾದ್ ದಾಟಿ ಗಿಣಿಗೇರಿ ಇನ್ನೇನು ಬಂತು ಅನ್ನೋವಾಗ, ಬೆಳಗಿನ ಜಾವ, ನಮ್ಮ ಡ್ರೈವರ್‌ಗೆ ಕಣ್ಣು ಹತ್ತಿತು. ರಸ್ತೆ ಬದಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಟ್ರಾಲಿ ಪಂಕ್ಚರ್ ಆಗಿ ನಿಂತಿತ್ತು. ಹಿಂದೆ ಲೈಟಿಲ್ಲ, ರೇಡಿಯಂ ಪಟ್ಟಿ ಇಲ್ಲ, ಎರಡು ಕಲ್ಲು ಇಟ್ಟಿದ್ದರು ಅಷ್ಟೇ. ಟ್ರಾಲಿ ಹತ್ತಿರ ಯಾರೂ ಇರಲಿಲ್ಲ, ಪುಣ್ಯ. ನಮ್ಮ ಹುಡುಗನ ಬಲಗಾಲು ಮುರಿಯಿತು, ಸ್ಟೇರಿಂಗ್ ಕೆಳಗೆ ಸಿಕ್ಕಿಕೊಂಡು ಹೊತ್ತು ಹುಟ್ಟೋವರೆಗೂ ಅಲ್ಲೇ ಇದ್ದ. ಅವನು ಕುಡಿಯೋನಲ್ಲ. ಹಿಂದಿನ ದಿನ ಮಧ್ಯಾಹ್ನ ಲೋಡ್ ಆದ ಗಾಡಿ ಕಾಟಾ (ತೂಕ), ಪರ್ಮಿಟ್, ಟೋಕನ್ ಅಂತ ಸಾಲಿನಲ್ಲೇ ನಿಂತು ರಾತ್ರಿ ಹೊರಟಿತ್ತು. ಸಾಲು ಅಡಿಯಡಿ ಮುಂದೆ ಸರೀತಾ ಇದ್ದರೆ ಆತ ಮಲಗೋದೆಲ್ಲಿ?

ನನಗೆ ತಡೆಯೋಕಾಗದೇ ಇರೋದು ಏನು ಅಂದ್ರೆ, ಆ ಗಾಡಿಯಲ್ಲಿ ಜಿಪಿಎಸ್ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಿರು ಸಾಗಣೆಗೆ ಬಿಗಿ ಬಂತು, ಒಳ್ಳೇದೇ ಆಯಿತು. ಇವತ್ತು ಅದಿರು ದಾರಿ ತಪ್ಪಿದರೆ ಗೊತ್ತಾಗುತ್ತೆ. ಆದರೆ ಅದೇ ಗಾಡಿ ಎಷ್ಟು ಹೊತ್ತು ಗೇಟಲ್ಲಿ ನಿಂತಿತ್ತು, ಡ್ರೈವರ್ ಎಷ್ಟು ಗಂಟೆಯಿಂದ ಸೀಟಲ್ಲಿ ಇದ್ದಾನೆ ಅನ್ನೋದನ್ನ ನೋಡೋರು ಯಾರೂ ಇಲ್ಲ. ಅಷ್ಟು ಹೊತ್ತು ಒಂದೇ ಕಡೆ ನಿಂತ ಗಾಡಿ ಬಗ್ಗೆ ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ಅದಿರಿಗೆ ಇರೋ ಕಾವಲು ಆ ಹುಡುಗನಿಗೆ ಇರಲಿಲ್ಲ.

ಆಮೇಲೆ ನಾನು ಓಡಾಡಿದೆ. ಸಾಧನ ಮಾರೋರು, ಹಾಕಿ ಕೊಡ್ತೀವಿ ಮೇಡಂ, ಡ್ರೈವರ್ ಕಿತ್ತರೆ ನಮ್ಮನ್ನ ಕೇಳಬೇಡಿ ಅಂದರು. ಲಾರಿ ಶೋರೂಂನಲ್ಲಿ, ವೈರ್ ಕತ್ತರಿಸಿದರೆ ವಾರಂಟಿ ಹೋಗುತ್ತೆ ಅಂದರು. ಕಾರ್ಖಾನೆಯ ಸೇಫ್ಟಿ ಅಧಿಕಾರಿ ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು, ಆದರೆ ಗೇಟ್ ಒಳಗಿನದಷ್ಟೇ ನಮ್ಮ ಜವಾಬ್ದಾರಿ ಅಂದರು. ಆರ್‌ಟಿಒ ಕಚೇರಿಯಲ್ಲಿ, ಕಾನೂನಲ್ಲಿ ಕಡ್ಡಾಯ ಇಲ್ಲದ್ದನ್ನ ನಾವು ಹೇಗೆ ಹೇಳೋಣ ಅಂದರು. ಯಾರೂ ಸುಳ್ಳು ಹೇಳಿಲ್ಲ. ಎಲ್ಲರೂ ತಮ್ಮ ತಮ್ಮ ಬಾಗಿಲ ತನಕ ಬಂದು ನಿಂತರು.

ಮುಂದಿನ ತಿಂಗಳು ನಮ್ಮ ಲಾರಿ ಮಾಲೀಕರ ಸಂಘದ ಸಭೆ ಇದೆ. ಅಲ್ಲಿಂದ ಜಿಲ್ಲಾಧಿಕಾರಿಗಳ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಮನವಿ ಕೊಡಬೇಕು ಅಂತಿದ್ದೀನಿ. ಏನು ಬರೀಬೇಕು? ಖರ್ಚು ಯಾರ ಮೇಲೆ? ಕ್ಯಾಮೆರಾದ ಮಾಹಿತಿ ಯಾರು ನೋಡಬೇಕು, ಯಾರು ನೋಡಬಾರದು? ಈ ಸಾಧನಗಳನ್ನ ದಿನಾ ಬಳಸೋ ಡ್ರೈವರ್‌ಗಳು, ಹಾಕೋ ಎಲೆಕ್ಟ್ರಿಷಿಯನ್‌ಗಳು ಇದ್ದರೆ ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಬೂದಿಬಲ್ಕರ್_ರಾಯಚೂರು

ಅಕ್ಕಾವ್ರ, ನಮಸ್ಕಾರ್ರೀ. ನಾ ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಬೂದಿ ತುಂಬೋ ಬಲ್ಕರ್ ಲಾರಿ ಹೊಡಿತೀನಿ. ನಮ್ಮ ಮಾಲಕರು ಎರಡೂ ಹಾಕ್ಸ್ಯಾರ. ಮುಂದಿನ ಗ್ಲಾಸಿಗೆ ಒಂದು, ನನ್ನ ಮಾರಿ ಮುಂದ ಒಂದು.

ಮುಂದಿಂದು ಮೊದಮೊದಲು ಭಾಳ ತ್ರಾಸ ಕೊಟ್ಟದ. ಊರಾಗ ಹೊಂಟ್ರ ಬೈಕಿನವರು ಅಡ್ಡ ಬರ್ತಾರ, ಅದು ಕೂಗತದ. ಆಟೋ ಬಂದ್ರ ಕೂಗತದ. ಸಿಂಧನೂರು ಪ್ಯಾಟಿ ದಾಟೋದ್ರಾಗ ತಲಿ ಕೆಟ್ಟು ಹೋಗತದ. ಆದ್ರ ಬಯಲ ರಸ್ತ್ಯಾಗ ಅದು ಕೂಗಿದ್ರ ಖರೇನೇ ಏನರ ಇರತದ. ರಾತ್ರಿ ಎದುರಿನ ಲೈಟ್ ಕಣ್ಣಿಗೆ ಹೊಡದಾಗ ಮುಂದ ನಿಧಾನ ಹೊಂಟ ಗಾಡಿ ನನಗಿಂತ ಮೊದಲ ಅದಕ್ಕ ಕಂಡದ, ಅದು ಸುಳ್ಳಲ್ಲ.

ಕಣ್ಣು ನೋಡೋ ಕ್ಯಾಮೆರಾ ನನ್ನ ಜೀವ ಉಳಿಸ್ಯಾದ ಅಂತ ನಾ ಎಲ್ಲರ ಮುಂದ ಹೇಳ್ತೀನಿ. ಸಿರುಗುಪ್ಪ ರೋಡಿನ್ಯಾಗ ನಸುಕಿನ್ಯಾಗ ಅದು ಚೀರಿದಾಗ ಗಾಡಿ ಆಗಲೇ ಎಡಕ್ಕ ಸರದಿತ್ತು, ಆ ಕಡಿ ಭತ್ತದ ಗದ್ದಿ, ನೀರು ಬಿಟ್ಟಿದ್ರು. ನಾ ಗಾಡಿ ಬದಿಗೆ ಹಚ್ಚಿ, ಮಾರಿ ತೊಳಕೊಂಡು, ಒಂದೀಟು ಕಣ್ಣು ಮುಚ್ಚಬೇಕಂತ ಸೀಟಿನ ಹಿಂದ ಬಿದ್ದೆ. ಅಷ್ಟರಾಗ ಆಫೀಸಿಂದ ಫೋನು: ಗಾಡಿ ಯಾಕ ನಿಂತದ? ಜಿಪಿಎಸ್‌ನ್ಯಾಗ ತೋರಿಸ್ಲಿಕ್ಕತ್ತದ, ಹೊರಡು. ಅಕ್ಕಾವ್ರ, ಒಂದು ಪೆಟ್ಟಿಗಿ ಮಲಗು ಅಂತದ, ಇನ್ನೊಂದು ಪೆಟ್ಟಿಗಿ ಯಾಕ ನಿಂತಿ ಅಂತದ. ನಾವು ಯಾರ ಮಾತು ಕೇಳೋಣ? ನಿಮ್ಮ ಮನವ್ಯಾಗ ಬ್ಯಾರೆ ಏನು ಬರೀತಿರೋ ಇಲ್ಲೋ, ಇದೊಂದು ಬರೀರಿ. ಅಲಾರಂ ಹೊಡದು ನಿಂತ ಗಾಡಿಗೆ ಫೋನ್ ಮಾಡಬಾರದು, ಲೇಟ್ ಆತು ಅಂತ ಬಾಟಾ ಮುರೀಬಾರದು.

ಇನ್ನೊಂದು ಮಾತು ಅದ. ನಮ್ಮ ಒಬ್ಬ ಡ್ರೈವರ್ ಆಕಳಿಸೋ ಫೋಟೋ ಆ ಕ್ಯಾಮೆರಾದಿಂದ ತಗದು ಯಾರೋ ವಾಟ್ಸಾಪ್ ಗ್ರೂಪಿನ್ಯಾಗ ಹಾಕಿ ನಕ್ಕರು. ಆತಗ ಮಕ್ಕಳು ಮದುವಿಗೆ ಬಂದಾರ, ವಯಸ್ಸಾದ ಮನಷ್ಯಾ. ಮರುದಿನನೇ ಕ್ಯಾಮೆರಾಕ್ಕ ಟೇಪ್ ಹಚ್ಚಿದ. ಅವನ ತಪ್ಪು ಅಂತೀರೇನು?

ಗಂಗಾವತಿ_ಆಟೋಎಲೆಕ್ಟ್ರಿಕ್

ಡ್ರೈವರ್ ಅಣ್ಣಾರು ಹೇಳಿದ್ದು ಪೂರಾ ಖರೆ. ನಾನು ಗಂಗಾವತ್ಯಾಗ ಲಾರಿ, ಟ್ರ್ಯಾಕ್ಟರ್ ವೈರಿಂಗ್ ಕೆಲಸ ಮಾಡ್ತೀನಿ, ಇಂಥಾ ಸಾಧನಾನೂ ಕೂಡಸ್ತೀನಿ. ಮೇಡಂ, ಸಾಧನ ಕೆಟ್ಟದ್ದು ಅಂತ ಬಯ್ಯಾವ್ರಾಗ ಅರ್ಧಕ್ಕರ್ಧ ಮಂದಿಗೆ ತೊಂದರಿ ಇರೋದು ಕೂಡಸಿದ್ರಾಗ.

ಹೆಂಗ ಅಂದ್ರ, ಲೇನ್ ತಪ್ಪಿದ್ರ ಕೂಗೋ ಸಾಧನಕ್ಕ ಎರಡು ಸುದ್ದಿ ಬೇಕು. ಗಾಡಿ ಸ್ಪೀಡ್ ಎಷ್ಟು, ಇಂಡಿಕೇಟರ್ ಹಾಕ್ಯಾನೋ ಇಲ್ಲೋ. ಇಂಡಿಕೇಟರ್ ಹಾಕಿ ಹೊರಳಿದ್ರ ಅದು ಸುಮ್ಮನಿರ್ತೈತಿ. ಲಗೂನ ಕೆಲಸ ಮುಗಸೋ ಹುಡುಗ್ರು ಪವರ್ ವೈರ್ ಅಷ್ಟ ಕೊಟ್ಟು, ಇಂಡಿಕೇಟರ್ ವೈರ್ ಬಿಟ್ಟು ಬಿಡ್ತಾರ. ಆಮ್ಯಾಲೆ ಪ್ರತಿ ಓವರ್‌ಟೇಕಿಗೂ ಕೂಗು. ಯಾವ ಡ್ರೈವರ್ ತಡಕೋತಾನ್ರಿ? ಫ್ಯೂಜ್ ಕಿತ್ತು ಕಿಸೆದಾಗ ಇಟ್ಕೋತಾನ.

ಕ್ಯಾಮೆರಾ ಎಲ್ಲಿ ಕೂಡಸ್ಬೇಕು ಅನ್ನೋದೂ ಅಷ್ಟ ಮುಖ್ಯ. ವೈಪರ್ ಓಡ್ಯಾಡೋ ಜಾಗದೊಳಗ ಇರಬೇಕು. ನಿಮ್ಮ ಸಂಡೂರು ಗಾಡಿ ನನ್ನ ಅಂಗಡಿಗೆ ಬಂದಾಗ ಗ್ಲಾಸ್ ನೋಡೀನಿ. ವೈಪರ್ ತಿರುಗೋ ಅರ್ಧಚಂದ್ರ ಬಿಟ್ರ ಉಳಿದದ್ದೆಲ್ಲ ಕೆಂಪು. ನೀರು ಹೊಡದ್ರ ಕೆಸರಾಗಿ ಇನ್ನಷ್ಟು ಹತ್ತಿಕೋತೈತಿ. ಗ್ಲಾಸಿನ ನಡುವ ಮ್ಯಾಲೆ ಕೂಡಸಿದ ಕ್ಯಾಮೆರಾ ಆ ಕೆಂಪಿನ ಹಿಂದ ಕುರುಡು. ರೋಡಿನ ಬಿಳಿ ಗೆರಿನೂ ಅದಿರ ಧೂಳಿಗೆ ಮುಚ್ಚಿ ಹೋಗಿರ್ತೈತಿ, ಅಂಥಲ್ಲಿ ಲೇನ್ ಅಲಾರಂ ಇದ್ದೂ ಇಲ್ಲದಂಗ. ಅದಕ್ಕ ನಾನು ಹೇಳೋದು, ನಿಮ್ಮ ದಾರಿಗೆ ಮೊದಲು ಕಣ್ಣಿನ ಕ್ಯಾಮೆರಾ, ಆಮ್ಯಾಲೆ ಮುಂದಿನ ಡಿಕ್ಕಿ ಎಚ್ಚರಿಕಿ. ಲೇನಿಂದು ಸದ್ಯ ಬಂದ್ ಇಡ್ರಿ.

ವಾರಂಟಿ ಮಾತು ಶೋರೂಂನವರು ಸುಮ್ಮನ ಹೇಳಂಗಿಲ್ಲ. ಹೆಡ್‌ಲೈಟ್ ವೈರ್ ಸುಲಿದು ಅದಕ್ಕ ಸುತ್ತಿ ಟೇಪ್ ಹಚ್ಚಿದ್ದ ಗಾಡಿ ನೋಡೀನಿ, 24 ವೋಲ್ಟಿಗೆ ಬಿಸಿಯಾಗಿ ಕರಗಿತ್ತು. ವೈರ್ ಕತ್ತರಿಸದಂಗ ಕಪ್ಲರ್ (ಸಿಕ್ಕಿಸೋ ಜೋಡಣಿ) ಹಾಕಿ ಮಾಡಬೌದು. ಆದ್ರ ಯಾವ ಮಾಡೆಲ್ಲಿಗೆ ಯಾವ ಪಿನ್ನಿನ್ಯಾಗ ಸ್ಪೀಡ್ ಬರ್ತೈತಿ ಅನ್ನೋದು ಲಾರಿ ಕಂಪನಿಯವರು ಹೊರಗಿನ ಮೆಕ್ಯಾನಿಕ್‌ಗೆ ಹೇಳಂಗಿಲ್ಲ. ಮನವ್ಯಾಗ ಇದನ್ನೂ ಕೇಳ್ರಿ: ಗಾಡಿ ಮಾಡೋ ಕಂಪನಿ, ಸಾಧನ ಮಾಡೋ ಕಂಪನಿ ಕೂಡಿ ಒಂದು ದಿನ ನಮ್ಮ ಕಡೆ ಎಲೆಕ್ಟ್ರಿಷಿಯನ್‌ಗಳಿಗೆ ಕಲಿಸಿ ಕೊಡ್ಲಿ. ಬೆಂಗಳೂರಿಗೆ ಕರೀಬ್ಯಾಡ್ರಿ, ಹೊಸಪೇಟಿಗೋ ಕೊಪ್ಪಳಕ್ಕೋ ಬರ್ಲಿ.

ಬಳ್ಳಾರಿ_14ಚಕ್ರ

ಮೇಡಂ, ನಿಮ್ಮ ಕಾಳಜಿ ಒಪ್ಪಿದೆ. ಆದರೆ ಡೀಸೆಲ್, ಟೈರ್, ಇಎಂಐ ಕಟ್ಟಿ ಕೈಗೆ ಉಳಿಯೋದು ಏನು ಅಂತ ನಿಮಗೇ ಗೊತ್ತು. ಒಂದು ಗಾಡಿ ಇಟ್ಟುಕೊಂಡಿರೋ ನನ್ನಂಥವರೇ ಈ ರೋಡಲ್ಲಿ ಜಾಸ್ತಿ. ಸ್ಪೀಡ್ ಗವರ್ನರ್ ಬಂದಾಗ ದುಡ್ಡು ನಮ್ಮದು, ಜಿಪಿಎಸ್ ಬಂದಾಗ ದುಡ್ಡು ನಮ್ಮದು, ರಿನ್ಯೂವಲ್ ಪ್ರತಿ ವರ್ಷ ನಮ್ಮದು. ಈಗ ಕ್ಯಾಮೆರಾ. ಅದಿರು ಯಾರಿಗೆ ಬೇಕೋ ಅವರು ಸ್ವಲ್ಪ ಹೊರಲಿ. ಟನ್ನಿಗೆ ಇಷ್ಟು ಅಂತ ಬಾಡಿಗೆಯಲ್ಲೇ ಸೇರಿಸಿ ಕೊಟ್ಟರೆ ನಾನೇ ಮೊದಲು ಹಾಕಿಸ್ತೀನಿ. ಇಲ್ಲದಿದ್ರೆ ಸಭೆಯಲ್ಲಿ ಕೈ ಎತ್ತೋದಿಲ್ಲ, ಈಗಲೇ ಹೇಳಿರ್ತೀನಿ.

ಲಿಂಗಸುಗೂರು_ಎಂಜಿನಿಯರ್

ತಂಗಿ, ನಿಮ್ಮ ಪ್ರಶ್ನೆ ಓದಿ ತುಂಬಾ ಹೊತ್ತು ಯೋಚಿಸಿದೆ. ನಾನು ವಾಹನ ಬಿಡಿಭಾಗಗಳ ಕಂಪನಿಯಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಎಲ್ಲರೂ ತಮ್ಮ ಬಾಗಿಲ ತನಕ ಬಂದು ನಿಂತರು ಅಂದಿರಲ್ಲ, ಯುರೋಪಿನಲ್ಲೂ ಆಗಿದ್ದು ಅದೇ. ಅದನ್ನು ಸ್ವಲ್ಪ ವಿವರವಾಗಿ ಹೇಳ್ತೇನೆ, ನಿಮ್ಮ ಸಭೆಗೆ ಉಪಯೋಗ ಆಗಬಹುದು.

ಅಲ್ಲಿ 2002ರಲ್ಲಿ ಸರ್ಕಾರಗಳು, ಕಾರು ಕಂಪನಿಗಳು, ಬಿಡಿಭಾಗ ಮಾಡುವವರು ಎಲ್ಲರೂ ಸೇರಿದ ಇ-ಸೇಫ್ಟಿ ಅನ್ನುವ ಕಾರ್ಯಗುಂಪು ಆಯಿತು, 2003ರಲ್ಲಿ ಅದೇ ಒಂದು ಕಾಯಂ ವೇದಿಕೆ ಆಯಿತು. ಅವರು ಹಿಡಿದ ದೊಡ್ಡ ಕೆಲಸಗಳಲ್ಲಿ ಇ-ಕಾಲ್ ಒಂದು. ಜೋರಾಗಿ ಡಿಕ್ಕಿಯಾದರೆ ಕಾರು ತಾನೇ 112ಕ್ಕೆ ಕರೆ ಮಾಡಿ, ಇರುವ ಜಾಗ ತಿಳಿಸಬೇಕು. ನಿಮ್ಮ ಹುಡುಗ ಹೊತ್ತು ಹುಟ್ಟೋವರೆಗೂ ಸಿಕ್ಕಿಕೊಂಡಿದ್ದನಲ್ಲ, ಅಂಥ ಹೊತ್ತಿಗೇ ಇರೋದು ಇದು. 2004ರಲ್ಲಿ ಒಪ್ಪಂದ ಪತ್ರ ಬಂತು, ಇಷ್ಟ ಇದ್ದವರು ಸಹಿ ಹಾಕಬಹುದು ಅಂತ. ಆಮೇಲೆ ವರ್ಷಗಟ್ಟಲೆ ನಿಂತುಹೋಯಿತು. ಕರೆ ಎತ್ತುವ ಕೇಂದ್ರಗಳೇ ಸಿದ್ಧ ಇಲ್ಲ, ನಾವು ಯಾಕೆ ಹಾಕಬೇಕು ಅಂತ ಕಂಪನಿಗಳು. ಕರೆ ಮಾಡುವ ಕಾರುಗಳೇ ಇಲ್ಲ, ನಾವು ಯಾಕೆ ಕೇಂದ್ರ ಕಟ್ಟಬೇಕು ಅಂತ ಕೆಲವು ದೇಶಗಳು. ಕೊನೆಗೆ ಕಾನೂನು ಮಾಡಿ, ಕರೆ ಎತ್ತುವ ವ್ಯವಸ್ಥೆ 2017ರ ಅಕ್ಟೋಬರ್ ಒಳಗೆ ಸಿದ್ಧ ಆಗಬೇಕು, ಹೊಸ ಮಾದರಿಯ ಕಾರುಗಳಲ್ಲಿ 2018ರ ಮಾರ್ಚ್ 31ರಿಂದ ಸಾಧನ ಇರಲೇಬೇಕು ಅಂದರು. ಮೊದಲು ಕರೆ ಎತ್ತುವವರು, ಆಮೇಲೆ ಕರೆ ಮಾಡುವ ಗಾಡಿ. ಈ ಅನುಕ್ರಮ ನೋಡಿ. ನಿಮ್ಮ ಮನವಿಯಲ್ಲೂ ಇದೇ ಮೊದಲು ಬರಬೇಕು: ರಾತ್ರಿ ಎರಡು ಗಂಟೆಗೆ ಅಲಾರಂ ಮೇಲೆ ಅಲಾರಂ ಬಂದರೆ ಅದನ್ನು ನೋಡುವ ಮನುಷ್ಯ ಯಾರು, ಆತನಿಗೆ ಗಾಡಿ ನಿಲ್ಲಿಸಿ ಮಲಗಿಸುವ ಅಧಿಕಾರ ಇದೆಯಾ?

ಸ್ವಇಚ್ಛೆಯಿಂದ ಏನೂ ಆಗುವುದಿಲ್ಲ ಅಂತಲ್ಲ. ಅಮೆರಿಕದಲ್ಲಿ 2016ರಲ್ಲಿ 20 ಕಾರು ಕಂಪನಿಗಳು ಸರ್ಕಾರದ ಜೊತೆ ಮಾತುಕತೆ ಮಾಡಿ, ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು 2022ರೊಳಗೆ ಹೆಚ್ಚುಕಡಿಮೆ ಎಲ್ಲ ಹೊಸ ಕಾರುಗಳಿಗೂ ಕೊಡ್ತೇವೆ ಅಂತ ಒಪ್ಪಿದವು. ಗಡುವು ಇತ್ತು, ಯಾರು ಎಷ್ಟು ಮಾಡಿದರು ಅಂತ ಪ್ರತಿ ವರ್ಷ ಹೆಸರು ಹಿಡಿದು ಪ್ರಕಟ ಆಗುತ್ತಿತ್ತು, ಅದಕ್ಕೇ ನಡೆಯಿತು. ಯುರೋಪಿನ ಲಾರಿಗಳಿಗೆ ಮಾತ್ರ ಅಂಥ ಒಪ್ಪಂದವನ್ನೂ ಕಾಯಲಿಲ್ಲ, ಇದೇ ಬ್ರೇಕ್ ವ್ಯವಸ್ಥೆಯನ್ನು ಹೊಸ ಮಾದರಿಗೆ 2013ರ ನವೆಂಬರ್‌ನಿಂದ, ಎಲ್ಲ ಹೊಸ ಲಾರಿಗಳಿಗೆ 2015ರಿಂದ ಕಡ್ಡಾಯವೇ ಮಾಡಿದರು. ಭಾರದ ಗಾಡಿ ಗುದ್ದಿದರೆ ಸಾಯೋದು ಹೆಚ್ಚಾಗಿ ಎದುರಿನವರು, ಅದಕ್ಕೆ ಆ ಆತುರ. ನಮ್ಮಲ್ಲೂ 2025ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಸ್ಸು, ಲಾರಿಗಳಿಗೆ ತುರ್ತು ಬ್ರೇಕ್, ತೂಕಡಿಕೆ ಎಚ್ಚರಿಕೆ, ಲೇನ್ ಎಚ್ಚರಿಕೆ ಕಡ್ಡಾಯ ಮಾಡುವ ಕರಡು ಹೊರಡಿಸಿತು. ಆದರೆ ಅದು ಹೊಸದಾಗಿ ತಯಾರಾಗುವ ಗಾಡಿಗಳಿಗೆ. ಈಗ ಓಡುತ್ತಿರುವ ನಿಮ್ಮ ಗಾಡಿಗಳು ಇನ್ನೂ ಎಷ್ಟೋ ವರ್ಷ ಅದೇ ರಸ್ತೆಯಲ್ಲಿ ಇರುತ್ತವೆ. ಹೊರಗಿನಿಂದ ಕೂಡಿಸುವ ಸಾಧನ ಸಾಮಾನ್ಯವಾಗಿ ಎಚ್ಚರಿಸುತ್ತದೆ ಅಷ್ಟೇ, ಬ್ರೇಕ್ ಹಾಕುವುದಿಲ್ಲ. ಬ್ರೇಕ್ ಹಾಕುವುದು ಹೆಚ್ಚಾಗಿ ಗಾಡಿ ತಯಾರಾಗುವಲ್ಲೇ ಕೂಡಿ ಬರುತ್ತದೆ. ಮಾರುವವರು ಬೇರೆ ಏನಾದರೂ ಹೇಳಿದರೆ ವಿಚಾರಿಸದೆ ನಂಬಬೇಡಿ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 50 ಮೀಟರ್. ಎಚ್ಚರಿಸುವ ಸಾಧನ ಗಳಿಸಿಕೊಡುವುದು ಆ ಒಂದೆರಡು ಸೆಕೆಂಡು, ಅದೂ ಬ್ರೇಕ್ ಲೈನರ್ ಸರಿ ಇದ್ದರೆ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ನಾಗ್ಪುರದ್ದು ಕೊಡಿ. 2021ರಲ್ಲಿ ಐರಾಸ್ತೆ ಅನ್ನುವ ಯೋಜನೆ ಶುರುವಾಯಿತು. ಅಲ್ಲಿನ ಮಹಾನಗರ ಪಾಲಿಕೆ, ಇಂಟೆಲ್, ಮಹೀಂದ್ರ, ಹೈದರಾಬಾದ್ ಐಐಐಟಿಯ ಐನಾಯ್ ಅನ್ನುವ ಎಐ ಸಂಶೋಧನಾ ಕೇಂದ್ರ, ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಎಲ್ಲ ಸೇರಿ ನಗರ ಬಸ್‌ಗಳಿಗೆ ಡಿಕ್ಕಿ ಎಚ್ಚರಿಕೆ ಸಾಧನ ಹಾಕಿದರು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಒಂದು. ಡ್ರೈವರ್‌ಗೆ ಎಚ್ಚರಿಕೆ ಕೊಟ್ಟು ಬಿಡಲಿಲ್ಲ, ಎಚ್ಚರಿಕೆ ಎಲ್ಲೆಲ್ಲಿ ಹೆಚ್ಚು ಬರುತ್ತದೆ ಅಂತ ನಕ್ಷೆ ಮಾಡಿದರು. ಜನ ಸತ್ತ ಮೇಲೆ ಗುರುತಿಸುವ ಜಾಗ ಕಪ್ಪು ಚುಕ್ಕಿ. ಇನ್ನೂ ಯಾರೂ ಸಾಯದ, ಆದರೆ ದಿನಾ ಅಪಘಾತ ಸ್ವಲ್ಪದರಲ್ಲಿ ತಪ್ಪಿಹೋಗುವ ಜಾಗವನ್ನು ಅವರು ಬೂದು ಚುಕ್ಕಿ ಅಂತ ಗುರುತಿಸಿದರು. ಸಂಡೂರು–ತೋರಣಗಲ್ಲು ರಸ್ತೆಯಲ್ಲಿ ಅಂಥ ನಕ್ಷೆ ಬಂದರೆ ಲೋಕೋಪಯೋಗಿ ಇಲಾಖೆಗೆ ತಿರುವು ಎಲ್ಲಿ ಸರಿಪಡಿಸಬೇಕು, ದೀಪ ಎಲ್ಲಿ ಹಾಕಬೇಕು ಅಂತ ಕೈಯಲ್ಲಿ ಕಾಗದ ಇರುತ್ತದೆ. ಅಪಘಾತ ಆದ ಜಾಗದ ವಿವರವನ್ನು ಪೊಲೀಸರು ಈಗಾಗಲೇ ಐರ್‍ಯಾಡ್ ಆ್ಯಪ್‌ನಲ್ಲಿ ದಾಖಲಿಸುತ್ತಾರೆ. ಅದು ಮದ್ರಾಸ್ ಐಐಟಿ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಮಾಡಿದ್ದು, ಮೊದಲು ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಎರಡೂ ನಕ್ಷೆ ಒಂದರ ಮೇಲೊಂದು ಇಟ್ಟು ನೋಡಲಿ.

ಮಾಹಿತಿ ಯಾರು ನೋಡಬೇಕು ಅನ್ನುವುದಕ್ಕೆ ನನ್ನ ಮಾತು ಸ್ಪಷ್ಟ. ಮುಖದ ಚಿತ್ರ ಗಾಡಿಯಿಂದ ಹೊರಗೆ ಹೋಗಲೇಬಾರದು. ತೂಕಡಿಕೆ ಕಂಡುಹಿಡಿಯುವುದು ರೆಪ್ಪೆ ಎಷ್ಟು ಹೊತ್ತು ಮುಚ್ಚಿತ್ತು ಅನ್ನುವ ಲೆಕ್ಕದಿಂದ, ಅದಕ್ಕೆ ಚಿತ್ರ ಕಳಿಸುವ ಅಗತ್ಯ ಇಲ್ಲ. ಮಾಲೀಕರಿಗೆ ಯಾವ ಗಾಡಿ, ಎಷ್ಟು ಹೊತ್ತಿಗೆ ಅಂತ ಗೊತ್ತಾದರೆ ಸಾಕು. ಜಿಲ್ಲಾ ಸಮಿತಿಗೆ ಗಾಡಿ ನಂಬರ್ ಕೂಡ ಬೇಡ, ಜಾಗ ಮತ್ತು ಸಮಯ ಸಾಕು. ಇದರಿಂದ ದಂಡ ಹಾಕುವುದಿಲ್ಲ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ದಂಡಕ್ಕೆ ಬಳಸಿದ ದಿನ ಎಲ್ಲ ಕ್ಯಾಮೆರಾಗೂ ಟೇಪ್ ಬೀಳುತ್ತದೆ, ರಾಯಚೂರಿನ ಅಣ್ಣ ಹೇಳಿದ ಹಾಗೆ.

ಕೊನೆಯದು ದುಡ್ಡು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ನೆನಪಾಗಿರುತ್ತದೆ. ಖಾಸಗಿ ಗಾಡಿಗಳ ಸಾಧನಕ್ಕೆ ಅದನ್ನು ಕೇಳಬೇಡಿ, ಅದು ಗಣಿಬಾಧಿತ ಜನರದ್ದು. ಲಾರಿ ನಿಲ್ಲಿಸಿ ಮಲಗುವ ಜಾಗ, ನೀರು, ಶೌಚಾಲಯ, ದೀಪ ಕೇಳಿ, ಅದರಿಂದ ಊರಿನವರಿಗೂ ಅನುಕೂಲ. ಸಾಧನದ ಖರ್ಚು ಸಾಗಣೆ ಒಪ್ಪಂದದಲ್ಲಿ ಬರಬೇಕು. ಬಳ್ಳಾರಿಯವರು ಹೇಳಿದ ಟನ್ನಿನ ಲೆಕ್ಕ ನ್ಯಾಯವಾದದ್ದು. ಜೊತೆಗೆ ಕೆಲಸದ ಹೊತ್ತಿನ ಕಾಯ್ದೆ ತೋರಿಸಿ: 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಆದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಅಂತ ಇತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಗೇಟಿನ ಸಾಲಿನಲ್ಲಿ ಸ್ಟೇರಿಂಗ್ ಹಿಡಿದು ಕೂತದ್ದು ವಿರಾಮ ಅಲ್ಲ.

ಸಂಡೂರು_ಲಾರಿಲೆಕ್ಕ

ಅಣ್ಣಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂತ ನಿರೀಕ್ಷೆ ಇರಲಿಲ್ಲ.

ನಮ್ಮ ಹುಡುಗನ ಹತ್ತಿರ ನಿನ್ನೆ ಮಾತಾಡಿದೆ. ಈಗ ಕೋಲು ಹಿಡಿದು ನಡೀತಾನೆ. ರಾಯಚೂರಿನ ಅಣ್ಣ ಬರೆದದ್ದನ್ನ ಓದಿ ಹೇಳಿದೆ. ಫೋನ್ ಮಾಡಬಾರದು ಅನ್ನೋದನ್ನ ಮೊದಲನೇ ಸಾಲಿಗೇ ಹಾಕು ಅಕ್ಕಾ ಅಂದ. ಹಾಗೇ ಹಾಕ್ತೀನಿ.

ಮನವಿಯನ್ನ ಇಡೀ ಜಿಲ್ಲೆಗೆ ಅಂತ ಬರೆಯಲ್ಲ. ಒಂದು ರಸ್ತೆ, ಒಂದು ಕಾರ್ಖಾನೆಯ ಗೇಟ್, ನಮ್ಮ ಸಂಘದಲ್ಲಿ ಒಪ್ಪಿದವರ ಗಾಡಿಗಳು, ಒಂದು ಮಳೆಗಾಲ ಮತ್ತು ಒಂದು ಸುಗ್ಗಿ. ಗೇಟಿಗೆ ಬಂದ ಹೊತ್ತು, ಅನ್‌ಲೋಡ್ ಆದ ಹೊತ್ತು ಕಾರ್ಖಾನೆ ಬಳಿ ಹೇಗಿದ್ದರೂ ಇರುತ್ತೆ. ಅದನ್ನ ಸಮಿತಿ ಮುಂದೆ ಇಡಬೇಕು ಅಂತ ಕೇಳ್ತೀನಿ, ಯಾಕಂದ್ರೆ ನಿದ್ದೆಗೆಡೋದು ರಸ್ತೆಯಲ್ಲಲ್ಲ, ಸಾಲಿನಲ್ಲಿ. ಆ ಸೇಫ್ಟಿ ಅಧಿಕಾರಿಗೆ ಈ ಕಾಗದ ಮೊದಲು ತೋರಿಸಿ ಅವರ ಕೈಲೇ ತಿದ್ದಿಸ್ತೀನಿ. ಅವರನ್ನ ಎದುರು ಹಾಕಿಕೊಂಡು ಹೋದರೆ ಗೇಟ್ ಒಳಗಿನ ಲೆಕ್ಕ ನಮಗೆ ಸಿಗೋದಿಲ್ಲ.

ಟೋಕನ್ ಪದ್ಧತಿ ಬಗ್ಗೆ ಒಂದು ಮಾತು ಕೇಳಬೇಕು ಅಂತಿದ್ದೀನಿ. ಸಾಲಿನಲ್ಲಿ ಗಾಡಿ ನಿಲ್ಲಿಸೋ ಬದಲು, ನಿಲುಗಡೆ ಜಾಗದಲ್ಲಿ ಗಾಡಿ ಬಿಟ್ಟು, ಸರದಿ ಬಂದಾಗ ಮೊಬೈಲಿಗೆ ಮೆಸೇಜ್ ಬರೋ ಹಾಗೆ ಮಾಡಿದರೆ ಆ ಮೂರ್ನಾಲ್ಕು ಗಂಟೆ ಡ್ರೈವರ್ ಮಲಗಬಹುದು. ಇದಕ್ಕೆ ಕ್ಯಾಮೆರಾನೂ ಬೇಡ, ರಾಡಾರೂ ಬೇಡ. ಸಾಧನದ ಜೊತೆಗೆ ಇದೂ ಬರದೇ ಹೋದರೆ ನಾವು ನಿದ್ದೆಗೆಟ್ಟ ಮನುಷ್ಯನನ್ನ ಬೀಪ್ ಹೊಡೆದು ಓಡಿಸಿದ ಹಾಗೆ ಆಗುತ್ತೆ. ಅದನ್ನ ನಾನು ಒಪ್ಪಲ್ಲ.

ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ ರೇಡಿಯಂ ಪಟ್ಟಿ ಅಂಟಿಸೋದು ಸಂಘದ ಖರ್ಚಲ್ಲೇ ಶುರು ಮಾಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಭತ್ತದ ಕೊಯ್ಲಿಗೆ ಮೊದಲು ಗಿಣಿಗೇರಿ, ಮುನಿರಾಬಾದ್ ಕಡೆ ರೈಸ್ ಮಿಲ್‌ಗಳ ಬಾಗಿಲಲ್ಲಿ ನಿಂತರೆ ಬೇಕಾದಷ್ಟು ಟ್ರಾಲಿ ಸಿಗ್ತವೆ.

ಬಳ್ಳಾರಿ_14ಚಕ್ರ

ಟೋಕನ್ ಮೆಸೇಜ್ ಮಾತು ಸರಿ ಇದೆ ಮೇಡಂ. ಟನ್ನಿನ ಲೆಕ್ಕವೂ ಕಾಗದದಲ್ಲಿ ಇರುತ್ತೆ ಅಂದ್ರೆ ನಾನು ಸಭೆಗೆ ಬರ್ತೀನಿ, ಕೌಲ್‌ಬಜಾರ್ ಕಡೆಯ ನಾಲ್ಕೈದು ಜನ ಮಾಲೀಕರನ್ನೂ ಕರ್ಕೊಂಡು ಬರ್ತೀನಿ.

ಬೂದಿಬಲ್ಕರ್_ರಾಯಚೂರು

ಅಕ್ಕಾವ್ರ, ಇನ್ನೊಂದು ಮರ್ತಿದ್ದೆ. ಹೊಸ ಲಾರಿಗೆ 2025ರಿಂದ ಕ್ಯಾಬಿನ್ ಎಸಿ ಕಡ್ಡಾಯ ಆಗ್ಯಾದ. ಹಳೇ ಗಾಡಿಗೆ ಅದಿಲ್ಲ. ನಮ್ಮ ಕಡಿ ಏಪ್ರಿಲ್ ಮೇ ನಿಮಗ ಗೊತ್ತದ, ಮಧ್ಯಾಹ್ನ ಕ್ಯಾಬಿನ್ಯಾಗ ಮಲಗಿದ್ರ ನಿದ್ದಿ ಹತ್ತಂಗಿಲ್ಲ, ಬೆವತು ಎದ್ದು ಕುಂದ್ರತೀವಿ. ನಿಲುಗಡಿ ಜಾಗ ಕೇಳ್ತಿದ್ರ ನೆಳ್ಳು ಕೇಳ್ರಿ, ಶೆಡ್ ಹಾಕಿ ಫ್ಯಾನ್ ಕೂಡಸಲಿ. ಬಯಲಾಗ ಡಾಂಬರ್ ಹಾಕಿ ಬಿಟ್ರ ಅಲ್ಲಿ ಯಾರೂ ಮಲಗಂಗಿಲ್ಲ.

ಗಂಗಾವತಿ_ಆಟೋಎಲೆಕ್ಟ್ರಿಕ್

ಮೇಡಂ, ಸಭೆಗೆ ಮೊದಲು ನಿಮ್ಮ ಒಂದು ಗಾಡಿ ನಮ್ಮ ಅಂಗಡಿಗೆ ಕಳಸ್ರಿ. ಗಿಣಿಗೇರಿಗೆ ಲೋಡ್ ಬಂದಾಗ ವಾಪಸ್ ಹೋಗೋ ಮೊದಲು ಬಂದ್ರ ಸಾಕು. ಕಣ್ಣಿನ ಕ್ಯಾಮೆರಾ, ಮುಂದಿಂದು ಎರಡೂ ಸರಿಯಾಗಿ ಕೂಡಸಿ ಕೊಡ್ತೀನಿ, ಕೂಲಿ ಬ್ಯಾಡ, ಸಾಮಾನಿನ ರೊಕ್ಕ ಅಷ್ಟ. ಅದನ್ನ ಸಭೆಯವ್ರಿಗೆ ತೋರಸ್ರಿ, ಒಬ್ಬೊಬ್ಬರು ಹತ್ತಿ ಓಡಿಸಿ ನೋಡ್ಲಿ. ಗಾಡಿ ಕಳಿಸೋ ಹಿಂದಿನ ದಿನ ಮಾಡೆಲ್, ವರ್ಷ ಹೇಳ್ರಿ, ಕಪ್ಲರ್ ಹುಡುಕಿ ಇಡಬೇಕು.

ಸಂಡೂರು_ಲಾರಿಲೆಕ್ಕ

ಕಳಿಸ್ತೀನಿ ಅಣ್ಣಾ. ನಿಮ್ಮ ಕೂಲಿ ಬಿಡೋದು ಬೇಡ, ಅದನ್ನ ನಾನು ಕೊಟ್ಟೇ ಕೊಡ್ತೀನಿ. ಆರ್‌ಸಿ ನೋಡಿ ಮಾಡೆಲ್, ವರ್ಷ ಇವತ್ತೇ ಮೆಸೇಜ್ ಮಾಡ್ತೀನಿ. ಡ್ರೈವರ್ ಜೊತೆಗೇ ಬರ್ತಾನೆ, ಇಂಡಿಕೇಟರ್ ವೈರ್ ಯಾಕೆ ಬೇಕು ಅಂತ ಅವನಿಗೂ ತೋರಿಸಿ ಹೇಳಿ. ಲಿಂಗಸುಗೂರಿನ ಅಣ್ಣಾ, ಮನವಿಯ ಕರಡು ಈ ವಾರ ಇಲ್ಲೇ ಹಾಕ್ತೀನಿ, ಕಾಯ್ದೆಯ ಭಾಗ ನೀವೊಮ್ಮೆ ತಿದ್ದಿ ಕೊಡಬೇಕು.